ಅಂಗೈ ತುಂಬುವ ಮಡಚು ಚಾಕು: ಆರಿಸುವುದು, ಮಸೆಯುವುದು, ಮಳೆಗಾಲ ದಾಟಿಸುವುದು

ಮೂಡಿಗೆರೆ ಕಡೆಯ ತೋಟದಲ್ಲಿ ಜೂನ್ ತಿಂಗಳ ಒದ್ದೆ ಪ್ಯಾಂಟಿನ ಜೇಬಲ್ಲಿ ಕಾರ್ಬನ್ ಸ್ಟೀಲ್ ಚಾಕು ಮರೆತರೆ, ಬೆಳಗಾಗುವಷ್ಟರಲ್ಲಿ ಅಲಗಿನ ಮೇಲೆ ಕೆಂಪು ಚುಕ್ಕೆ ಎದ್ದಿರುತ್ತವೆ. ಅದೇ ಚಾಕು ಅರಸೀಕೆರೆಯ ತೆಂಗಿನ ತೋಟದಲ್ಲಿ ವಾರಗಟ್ಟಲೆ ಎಣ್ಣೆ ಕಾಣದಿದ್ದರೂ ಹಾಗೇ ಇರುತ್ತದೆ. ಅಲ್ಲಿ ಅದಕ್ಕೆ ಶತ್ರು ಧೂಳು. ಅಕ್ಕಪಕ್ಕದ ಜಿಲ್ಲೆಗಳಲ್ಲೇ ಹವೆ ಇಷ್ಟು ಬೇರೆಯಾಗುವುದರಿಂದ, ಯಾವ ಚಾಕು ಒಳ್ಳೆಯದು ಎಂದು ಕೇಳುವ ಮೊದಲು ಅದು ಯಾವ ಊರಲ್ಲಿ ಇರಬೇಕು ಎಂದು ಕೇಳಿಕೊಳ್ಳಬೇಕು.

ಇಲ್ಲಿ ಹೇಳುತ್ತಿರುವುದು ದಿನಬಳಕೆಯ ದೊಡ್ಡ ಮಡಚು ಚಾಕುವಿನ ವಿಷಯ. ಅಲಗು 8.5ರಿಂದ 10 ಸೆಂ.ಮೀ., ಮಡಚಿದಾಗ 11ರಿಂದ 13 ಸೆಂ.ಮೀ. ಉದ್ದ ಇರುವಂಥದ್ದು. ಸಿನಿಮಾದಲ್ಲಿ ‘ಕಟಕಟ’ ಎಂದು ಬಿಚ್ಚುವ ರಾಂಪುರಿ ಇದಲ್ಲ, ಕೀ ಗೊಂಚಲಿಗೆ ಸಿಕ್ಕಿಸುವ ಆಟಿಕೆಯೂ ಅಲ್ಲ.

ಹಿಡಿಗಾಗಿ ದೊಡ್ಡದು

ದೊಡ್ಡ ಚಾಕು ಎಂದ ಕೂಡಲೇ ಎಲ್ಲರ ಕಣ್ಣೂ ಅಲಗಿನ ಉದ್ದಕ್ಕೆ ಹೋಗುತ್ತದೆ. ಆದರೆ ನಿತ್ಯದ ಕೆಲಸವನ್ನು ಗಮನಿಸಿದರೆ ನಿಜವಾಗಿ ಸವೆಯುವುದು ಹಿಡಿಯ ಪಕ್ಕದ ಮೂರು ಸೆಂಟಿಮೀಟರ್ ಮತ್ತು ಮೊನೆಯ ಎರಡು ಸೆಂಟಿಮೀಟರ್. ಹಗ್ಗ, ಪೈಪು, ಬಳ್ಳಿಯನ್ನೆಲ್ಲ ಹಿಡಿಯ ಹತ್ತಿರದ ಭಾಗ ಕೊಯ್ಯುತ್ತದೆ. ಹೊಲಿಗೆ ಬಿಚ್ಚುವುದು, ಮುಳ್ಳು ಕೀಳುವುದು ಮೊನೆಯ ಪಾಲು. ನಡುವಿನ ಭಾಗಕ್ಕೆ ಕೆಲಸ ಸಿಗುವುದು ಕಲ್ಲಂಗಡಿಯನ್ನೋ ಹಲಸಿನ ತೊಳೆಯನ್ನೋ ಕೊಯ್ಯುವಾಗ ಮಾತ್ರ.

ಹಾಗಾದರೆ ದೊಡ್ಡದು ಏಕೆ ಬೇಕು? ನಾಲ್ಕೂ ಬೆರಳು ಹಿಡಿಯ ಮೇಲೆ ಕೂರಬೇಕು ಎಂಬುದಕ್ಕೆ. ದೊಡ್ಡವರ ಅಂಗೈ ಅಡ್ಡಗಲ ಸಾಮಾನ್ಯವಾಗಿ 8ರಿಂದ 9.5 ಸೆಂ.ಮೀ. ಇರುತ್ತದೆ. ಹಿಡಿ ಅದಕ್ಕಿಂತ ಎರಡು ಸೆಂಟಿಮೀಟರ್ ಉದ್ದ ಇದ್ದರೆ ಒದ್ದೆ ಕೈಯಲ್ಲೂ ಕೈಗವಸು ಹಾಕಿದ ಕೈಯಲ್ಲೂ ಹಿಡಿತ ಜಾರುವುದಿಲ್ಲ. ಚಿಕ್ಕ ಚಾಕುವಿನಲ್ಲಿ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ, ಬಲ ಹಾಕಿದಾಗ ಚಾಕು ಅಂಗೈಯೊಳಗೆ ತಿರುಗುತ್ತದೆ, ಕೈ ಕೊಯ್ದುಕೊಳ್ಳುವುದು ಆಗಲೇ. ಆದ್ದರಿಂದ ಅಂಗಡಿಯಲ್ಲಿ ಮೊದಲು ಚಾಕುವನ್ನು ಮಡಚಿಯೇ ಮುಷ್ಟಿಯಲ್ಲಿ ಹಿಡಿದು ನೋಡಿ. ಎರಡೂ ಕಡೆ ಬೆರಳಗಲ ಹೊರಗೆ ಉಳಿದರೆ ಅದು ನಿಮ್ಮ ಅಳತೆ. ಅಲಗು 10 ಸೆಂ.ಮೀ. ದಾಟಿದರೆ ಜೇಬಿಗೆ ಭಾರ, ಎದುರಿಗಿರುವವರಿಗೆ ಗಾಬರಿ. ಅದರಿಂದ ಬರುವ ಹೆಚ್ಚಿನ ಉಪಯೋಗ ಏನೂ ಇಲ್ಲ.

ಮೂರು ಹೆಸರು ಹೇಳಿದರೆ ಅಳತೆಯ ಅಂದಾಜು ಸಿಗುತ್ತದೆ. ಫ್ರಾನ್ಸಿನ ಸವೊಯ್ ಸೀಮೆಯಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್‌ನ 8ನೇ ನಂಬರಿಗೆ 8.5 ಸೆಂ.ಮೀ., 10ನೇ ನಂಬರಿಗೆ 10 ಸೆಂ.ಮೀ. ಅಲಗು. ಮರದ ಹಿಡಿ, ತಿರುಗಿಸುವ ಉಂಗುರದ ಲಾಕು. 1964ರಲ್ಲಿ ಬಂದ ಅಮೆರಿಕದ ಬಕ್ 110ಕ್ಕೆ ಸುಮಾರು 9.5 ಸೆಂ.ಮೀ. ಅಲಗು, ಎರಡೂ ತುದಿಗೆ ಹಿತ್ತಾಳೆ, ತೂಕ ಸುಮಾರು 200 ಗ್ರಾಂ. ಅಂಗಿ ಜೇಬಿಗೆ ಹಾಕಿದರೆ ಅಂಗಿಯೇ ಒಂದು ಕಡೆ ಜೋಲುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ದೊಡ್ಡ ಸಾಲು ಮಡಚಿದಾಗ 111 ಮಿ.ಮೀ. ಇದರಲ್ಲಿ ಗರಗಸ, ಸ್ಕ್ರೂಡ್ರೈವರ್ ಕೂಡ ಇರುವುದರಿಂದ ಪಂಪ್‌ಸೆಟ್ ಮನೆಗೆ ಹೋಗುವವರಿಗೆ ಅನುಕೂಲ. ಇವೇ ಬೇಕೆಂದೇನಿಲ್ಲ. ಇದೇ ಅಳತೆಯಲ್ಲಿ ನೂರಾರು ಚಾಕು ಸಿಗುತ್ತವೆ.

ಉಕ್ಕು ಮತ್ತು ನಿಮ್ಮ ಊರಿನ ಮಳೆ

ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆಯವರು ಸ್ಟೇನ್‌ಲೆಸ್ ಬಿಟ್ಟು ಬೇರೆ ಯೋಚಿಸದಿರುವುದು ಲೇಸು. 12ಸಿ27, 14ಸಿ28ಎನ್, 420ಎಚ್‌ಸಿ ಎಂಬ ಗುರುತು ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. 8ಸಿಆರ್13 ಎಂದು ಶುರುವಾಗುವ ಚೀನಾ ಉಕ್ಕು ಕಡಿಮೆ ದರಕ್ಕೆ ಸಿಗುತ್ತದೆ, ಮಸೆಯುವುದು ಸುಲಭ, ಆದರೆ ಎಣ್ಣೆ ಕೇಳುತ್ತದೆ. ಬರೀ ‘ಸ್ಟೇನ್‌ಲೆಸ್’ ಎಂದೋ ಮುಂದೆ ಅಕ್ಷರವಿಲ್ಲದ ‘440’ ಎಂದೋ ಅಚ್ಚು ಹಾಕಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. 440ರಲ್ಲೇ ಎ, ಬಿ, ಸಿ ಎಂಬ ಮೂರು ಬೇರೆ ಬೇರೆ ಉಕ್ಕುಗಳಿವೆ, ಗಡಸುತನ ಹೆಚ್ಚಾಗಿ ಬರುವುದು ಸಿ ಇದ್ದದ್ದಕ್ಕೆ. ಅಲೆಅಲೆಯಾಗಿ ಕಾಣುವ ಡಮಾಸ್ಕಸ್ ವಿನ್ಯಾಸ ಅಗ್ಗದ ಚಾಕುವಿನಲ್ಲಿ ಎಷ್ಟೋ ಸಲ ಬರೀ ಮೇಲಿನ ಅಚ್ಚು. ಅಲಗಿನ ಬೆನ್ನಿನ ಮೇಲೂ ಆ ಗೆರೆ ಮುಂದುವರಿದಿದೆಯೇ ನೋಡಿ, ಇಲ್ಲದಿದ್ದರೆ ಅನುಮಾನಿಸಿ.

ಡಿ2 ಉಕ್ಕಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಈಗ ಆನ್‌ಲೈನಿನಲ್ಲಿ ಹೆಚ್ಚು ಮಾರಾಟವಾಗುತ್ತಿರುವುದರಲ್ಲಿ ಅದೂ ಒಂದು. ಇದರಲ್ಲಿ ಕ್ರೋಮಿಯಂ ಸುಮಾರು 12% ಇದೆ ಎಂದು ಕೇಳಿದವರು ತುಕ್ಕು ಹಿಡಿಯದು ಎಂದುಕೊಳ್ಳುತ್ತಾರೆ. ಆದರೆ ಡಿ2ರಲ್ಲಿ ಕಾರ್ಬನ್ ಕೂಡ ಸುಮಾರು 1.5% ಇರುತ್ತದೆ. ಕ್ರೋಮಿಯಂನ ದೊಡ್ಡ ಪಾಲು ಆ ಕಾರ್ಬನ್ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಹರಿತ ಬಹಳ ದಿನ ನಿಲ್ಲುತ್ತದೆ, ನಿಜ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಮಲೆನಾಡಿನಲ್ಲಿ ಜುಲೈ ಕಳೆಯುವಷ್ಟರಲ್ಲಿ ಅಲಗಿನ ಮೇಲೆ ಕರಿಮೆಣಸು ಚೆಲ್ಲಿದ ಹಾಗೆ ಚುಕ್ಕೆ ಬೀಳುತ್ತವೆ.

ಕಾರ್ಬನ್ ಸ್ಟೀಲ್ ಇಷ್ಟಪಡುವವರಿಗೆ ಒಂದು ಉಪಾಯ. ಹೊಸ ಅಲಗಿಗೆ ಬೇಕೆಂದೇ ಕಪ್ಪು ಪದರ ಬರಿಸಿದರೆ ಕೆಂಪು ತುಕ್ಕು ನಿಧಾನವಾಗುತ್ತದೆ. ಅಲಗನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಒಂದು ಲೋಟ ಗಟ್ಟಿ ಕಾಫಿ ಡಿಕಾಕ್ಷನ್‌ಗೆ ಎರಡು ಚಮಚ ವಿನೆಗರ್ ಹಾಕಿ, ಅಲಗು ಮಾತ್ರ ಮುಳುಗುವಂತೆ ಇಳಿಬಿಡಿ. ತಿರುಗುವ ಜಾಗ ಮುಳುಗಬಾರದು, ಅಲ್ಲಿಗೆ ಹುಳಿ ಇಳಿದರೆ ತೆಗೆಯುವುದು ಕಷ್ಟ. ಗಂಟೆಗೊಮ್ಮೆ ತೆಗೆದು ನೋಡುತ್ತಾ, ಬೇಕಾದಷ್ಟು ಕಪ್ಪಾದಾಗ ತೊಳೆದು ಒರೆಸಿ ಎಣ್ಣೆ ಸವರಿ. ಚಿಕೋರಿ ಬೆರೆಸಿದ ಪುಡಿಯಾದರೂ ನಡೆಯುತ್ತದೆ, ಚಾಕುವಿಗೆ ರುಚಿ ತಿಳಿಯುವುದಿಲ್ಲ.

ಹಿಡಿಗೆ ಮಲೆನಾಡಿನಲ್ಲಿ ನೈಲಾನ್, ಜಿ10ನಂಥ ಫೈಬರ್ ಹಲಗೆ ಅಥವಾ ಲೋಹ ಸರಿ. ಮರ ನೀರು ಕುಡಿದು ಉಬ್ಬುತ್ತದೆ. ಒಪಿನೆಲ್‌ನಂಥ ಮರದ ಹಿಡಿಯ ಚಾಕು ಮಳೆಗಾಲದಲ್ಲಿ ಬಿಚ್ಚಲಾಗದಷ್ಟು ಬಿಗಿಯಾಗುವುದು ಇದಕ್ಕೇ. ಉಗುರಿನಿಂದ ಎಳೆಯುತ್ತಾ ಕೂತರೆ ಉಗುರು ಹರಿಯುತ್ತದೆ. ಉಂಗುರ ಬಿಚ್ಚಿದ ಸ್ಥಿತಿಗೆ ತಿರುಗಿಸಿ, ಹಿಡಿಯ ಹಿಂಬದಿಯ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗು ತಾನಾಗಿ ಸ್ವಲ್ಪ ಮೇಲೇಳುತ್ತದೆ. ಶಾಶ್ವತ ಪರಿಹಾರ ಬೇಕಿದ್ದರೆ ಬೇಸಿಗೆಯಲ್ಲೇ, ಮರ ಪೂರ್ತಿ ಒಣಗಿದ್ದಾಗ, ಸೀಳಿನ ಒಳಗೋಡೆಗೆ ಮಡಚಿದ ಮರಳು ಕಾಗದ ಆಡಿಸಿ ಕೂದಲೆಳೆಯಷ್ಟು ಸಡಿಲ ಮಾಡಿ. ಆಮೇಲೆ ಬಣ್ಣದ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್ ಎಣ್ಣೆಯನ್ನು ದಿನಕ್ಕೊಂದು ಸಲದಂತೆ ಮೂರು ಸಲ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನೆಸಿ ಬಿಡಿಸಿ ಹರವಿ.

ಲಾಕು: ಕೊಳ್ಳುವ ಮೊದಲು ಐದು ನಿಮಿಷ

ಮಡಚು ಚಾಕುವಿನಿಂದ ಆಗುವ ಕೆಟ್ಟ ಗಾಯಗಳಲ್ಲಿ ಹಲವು ಅಲಗು ಬೆರಳ ಮೇಲೆ ಮಡಚಿಕೊಂಡು ಆದವು. ಹಾಗಾಗಿ ಬೇರೆ ಎಲ್ಲಕ್ಕಿಂತ ಲಾಕನ್ನು ಹೆಚ್ಚು ಹೊತ್ತು ನೋಡಿ.

ನಿಮ್ಮೆದುರು ಬರುವುದು ಮುಖ್ಯವಾಗಿ ನಾಲ್ಕು ಬಗೆ. ಲಾಕೇ ಇಲ್ಲದೆ ಬೆನ್ನಿನ ಸ್ಪ್ರಿಂಗಿನ ಬಿಗಿಯ ಮೇಲೆ ನಿಲ್ಲುವುದು ಮೊದಲನೆಯದು. ಹಣ್ಣು ಕೊಯ್ಯಲು ಸಾಕು, ದೊಡ್ಡ ಅಲಗಿಗೆ ಬೇಡ. ಬೆನ್ನಿನ ಮೇಲೆ ಒತ್ತಿ ಬಿಡಿಸುವ ಬ್ಯಾಕ್ ಲಾಕ್ ಬಲವಾದದ್ದು, ಎಡಗೈಯವರಿಗೂ ಒಂದೇ. ಅದರ ಕಚ್ಚಿನಲ್ಲಿ ಕೆಸರೋ ಹಲಸಿನ ಸೋನೆಯೋ ಸೇರಿದರೆ ಮಾತ್ರ ಪೂರ್ತಿ ಕೂರುವುದಿಲ್ಲ, ಕೂತ ಹಾಗೆ ಕಾಣುತ್ತದೆ ಅಷ್ಟೆ. ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒರಗುವ ಲೈನರ್ ಲಾಕಿನಲ್ಲಿ ಕೊಳೆ ಕಣ್ಣಿಗೆ ಕಾಣುತ್ತದೆ, ಒರೆಸುವುದೂ ಸುಲಭ. ಆದರೆ ಹೆಚ್ಚಿನವು ಬಲಗೈಯವರಿಗೆಂದೇ ಮಾಡಿದವು. ಉಂಗುರದ ಲಾಕು ಸರಳ, ಬಾಳಿಕೆಯದ್ದು. ತಿರುಗಿಸುವುದು ಮರೆತರೆ ಅದೂ ಇಲ್ಲದಂತೆಯೇ.

ಪರೀಕ್ಷೆ ಹೀಗೆ. ಅಲಗನ್ನು ನಿಧಾನವಾಗಿ ಪೂರ್ತಿ ಬಿಚ್ಚಿ. ‘ಟಕ್’ ಎಂಬ ಒಂದೇ ಸದ್ದು ಬರಬೇಕು. ಲೈನರ್ ಆದರೆ ತಗಡಿನ ತುದಿ ಅಲಗಿನ ಬುಡದ ದಪ್ಪದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒಳಗೆ ಬಂದಿರಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಜಾರುತ್ತದೆ. ಆ ಕಡೆಯ ಗೋಡೆಯವರೆಗೆ ಹೋಗಿದ್ದರೆ ಹೊಸದಾಗಿರುವಾಗಲೇ ಸವೆದ ಹಾಗೆ. ಈಗ ಬೆರಳುಗಳೆಲ್ಲ ಅಲಗು ಮಡಚಿಕೊಳ್ಳುವ ದಾರಿಯಿಂದ ಹೊರಗಿರುವಂತೆ ಹಿಡಿಯ ಎರಡು ಪಕ್ಕ ಮಾತ್ರ ಹಿಡಿದು, ಅಲಗಿನ ಬೆನ್ನನ್ನು ಚಪ್ಪಲಿಯ ಅಟ್ಟೆಗೋ ಮರದ ಹಲಗೆಗೋ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ಲಾಕು ಬಿಟ್ಟುಕೊಂಡು ಅಲಗು ಮಡಚಿದರೆ ಚಾಕುವನ್ನು ಅಲ್ಲೇ ಬಿಟ್ಟು ಬನ್ನಿ. ಸುತ್ತಿಗೆಯಂತೆ ಬಡಿಯಬೇಡಿ, ಅದರಿಂದ ಒಳ್ಳೆಯ ಲಾಕೂ ಕೆಡುತ್ತದೆ.

ಮುಂದೆ, ಮೊನೆ ಹಿಡಿದು ಅಲಗನ್ನು ಎಡಬಲಕ್ಕೆ, ಮೇಲೆ ಕೆಳಗೆ ಅಲ್ಲಾಡಿಸಿ. ಎಡಬಲದ ಸಡಿಲ ಪಿವಟ್ ಸ್ಕ್ರೂ, ಅಂದರೆ ಅಲಗು ತಿರುಗುವ ಕೀಲಿನ ಸ್ಕ್ರೂ, ಬಿಗಿ ಮಾಡಿದರೆ ಹೋಗುತ್ತದೆ. ಮೇಲೆ ಕೆಳಗಿನ ಸಡಿಲ ಲಾಕಿನದ್ದು, ಅದು ಸ್ಕ್ರೂಗೆ ಬಗ್ಗುವುದಿಲ್ಲ. ಕೊನೆಗೆ ಮಡಚಿ, ಮೊನೆ ಎರಡು ಗೋಡೆಗಳ ನಡುವೆ ಇದೆಯೇ, ಬಾಯಿ ಯಾವುದಾದರೂ ಗೋಡೆಗೆ ತಾಗುತ್ತಿದೆಯೇ ನೋಡಿ. ತಾಗುತ್ತಿದ್ದರೆ ಪ್ರತಿ ಸಲ ಮಡಚುವಾಗಲೂ ಹರಿತ ಹೋಗುತ್ತದೆ. ಆನ್‌ಲೈನಿನಲ್ಲಿ ತರಿಸಿದವರು ಈ ಪರೀಕ್ಷೆಯನ್ನು ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ಮಾಡಿ ಮುಗಿಸಿ.

ಒಳಗಿನ ವಾಷರ್ ಬಗ್ಗೆ ಒಂದು ಮಾತು. ಬಾಲ್ ಬೇರಿಂಗ್ ಇರುವ ಚಾಕು ಬೆಣ್ಣೆಯಂತೆ ಬಿಚ್ಚಿಕೊಳ್ಳುತ್ತದೆ, ಅಂಗಡಿಯಲ್ಲಿ ಮನಸ್ಸು ಗೆಲ್ಲುವುದೂ ಅದೇ. ಬಯಲುಸೀಮೆಯ ಧೂಳು ಆ ಗುಂಡುಗಳ ನಡುವೆ ಸೇರಿದರೆ ಕರಕರ ಎನ್ನುತ್ತದೆ, ಮಲೆನಾಡಿನ ನೀರು ಸೇರಿದರೆ ಗುಂಡುಗಳಿಗೇ ತುಕ್ಕು. ಕಂಚಿನ ಅಥವಾ ನೈಲಾನ್ ವಾಷರ್ ಇರುವುದು ಸ್ವಲ್ಪ ಬಿಗಿ ಅನಿಸಿದರೂ ತೋಟಕ್ಕೆ ಅದೇ ಸರಿ.

ಯಾವ ಕೆಲಸಕ್ಕೆ, ಯಾವುದಕ್ಕೆ ಅಲ್ಲ

ಗೋಣಿಚೀಲದ ಬಾಯಿ ಬಿಚ್ಚುವುದರಲ್ಲೇ ಚಾಕು ಹಿಡಿಯುವ ಕೈ ಗೊತ್ತಾಗುತ್ತದೆ. ಚೀಲವನ್ನೇ ಅಡ್ಡ ಕೊಯ್ದರೆ ಕಾಫಿಯೂ ಚೆಲ್ಲುತ್ತದೆ, ಚೀಲವೂ ಹಾಳು. ಅಲಗಿನ ಬಾಯಿಯನ್ನು ಮೇಲ್ಮುಖ ಮಾಡಿ ಮೊನೆಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿ, ಸುತಳಿ ದಾರವನ್ನು ನಿಮ್ಮಿಂದ ಆಚೆಗೆ ಎತ್ತಿ ಕತ್ತರಿಸಿ. ಮಿಷನ್ ಹೊಲಿಗೆಯಾದರೆ ಸರಿಯಾದ ತುದಿಯ ಒಂದು ಕುಣಿಕೆ ಕತ್ತರಿಸಿ ದಾರ ಎಳೆದರೆ ಉಳಿದದ್ದು ಸರಸರ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದಿದ್ದರೆ ಇನ್ನೊಂದು ತುದಿಯಿಂದ ಶುರು ಮಾಡಿ.

ಹದಿನಾರು ಎಂ.ಎಂ.ನ ಡ್ರಿಪ್ ಪೈಪನ್ನು ಒಂದೇ ಒತ್ತಿಗೆ ಕತ್ತರಿಸಲು ಹೋದರೆ ಓರೆಯಾಗುತ್ತದೆ, ಆ ಓರೆ ಜಾಯಿಂಟರ್‌ನಲ್ಲಿ ಪೂರ್ತಿ ಕೂರದೆ ನೀರು ಸೋರುತ್ತದೆ. ಪೈಪನ್ನು ಹಲಗೆಯ ಮೇಲೆ ಇಟ್ಟು, ಅಲಗನ್ನು ಒತ್ತಿ ಹಿಡಿದು, ಪೈಪನ್ನೇ ಉರುಳಿಸಿ. ಸುತ್ತಲೂ ಗೆರೆ ಬಿದ್ದ ಮೇಲೆ ನೇರವಾಗಿ ಕೊಯ್ಯಿರಿ. ಮೆಣಸಿನ ಬಳ್ಳಿ ಕಟ್ಟುವಾಗ ದಾರವನ್ನು ಬಳ್ಳಿಯ ಮೇಲಿಟ್ಟು ಕತ್ತರಿಸಬೇಡಿ. ದಾರವನ್ನು ಕುಣಿಕೆಯಾಗಿ ಎಳೆದು ಗಾಳಿಯಲ್ಲಿ ಕತ್ತರಿಸಿ, ಬಳ್ಳಿಗೆ ಗಾಯ ಆದರೆ ರೋಗಕ್ಕೆ ಬಾಗಿಲು ತೆರೆದ ಹಾಗೆ.

ಹಾಸನ ಸೀಮೆಯಲ್ಲಿ ಬಿತ್ತನೆ ಆಲೂಗಡ್ಡೆ ಕೊಳ್ಳುವಾಗ ಒಂದೆರಡು ಗಡ್ಡೆಯನ್ನು ಅಡ್ಡ ಕೊಯ್ದು ನೋಡಲು ಜೇಬಿನ ಚಾಕು ಬಹಳ ಉಪಯೋಗಕ್ಕೆ ಬರುತ್ತದೆ. ಸಿಪ್ಪೆಯ ಒಳಗೆ ಕಂದು ಉಂಗುರ ಕಂಡು, ಹಿಸುಕಿದರೆ ಬಿಳಿ ಲೋಳೆ ಬಂದರೆ ದುಂಡಾಣು ಸೊರಗು ರೋಗದ ಗುರುತು. ಅಂಥ ಗಡ್ಡೆ ಕೊಯ್ದ ಚಾಕುವನ್ನು ಸ್ಪಿರಿಟ್‌ನಿಂದ ಒರೆಸದೆ ಇನ್ನೊಂದಕ್ಕೆ ಮುಟ್ಟಿಸಬೇಡಿ. ಬ್ಲೀಚಿಂಗ್ ಪುಡಿ ನೀರು ರೋಗಾಣುವನ್ನು ಕೊಲ್ಲುತ್ತದೆ, ಜೊತೆಗೆ ಸ್ಟೇನ್‌ಲೆಸ್ ಅಲಗಿಗೂ ಗುಳಿ ಬೀಳಿಸುತ್ತದೆ. ಬೆಂಕಿಗೆ ಹಿಡಿದರೆ ಉಕ್ಕಿನ ಹದ ಹೋಗುತ್ತದೆ. ಮೂಟೆಗಟ್ಟಲೆ ಬಿತ್ತನೆ ತುಂಡು ಮಾಡುವುದಿದ್ದರೆ ಅಡುಗೆಮನೆಯ ಸಾದಾ ಚಾಕುವೇ ಲೇಸು. ಮಡಚು ಚಾಕುವಿನ ಸಂದಿಗೆ ಗಂಜಿ ಸೇರಿ ಒಣಗಿದರೆ ಮಾರನೆಯ ದಿನ ಬಿಚ್ಚುವುದೇ ಕಷ್ಟ.

ಹಲಸು ಕೊಯ್ಯುವ ಮೊದಲು ಅಲಗಿನ ಎರಡು ಮಗ್ಗುಲಿಗೂ ಕೊಬ್ಬರಿ ಎಣ್ಣೆ ಸವರಬೇಕು, ಇದು ಎಲ್ಲ ಮನೆಗೂ ಗೊತ್ತು. ಲಾಕಿನ ಕಚ್ಚಿಗೂ ಒಂದು ಹನಿ ಬಿಡಬೇಕು ಎಂಬುದನ್ನು ಮಾತ್ರ ಮರೆಯುತ್ತಾರೆ. ಬಾಳೆದಿಂಡು, ಹಸಿ ಅಡಿಕೆ, ಮಾವಿನಕಾಯಿಯ ಚೊಗರು ಮತ್ತು ಹುಳಿ ಕಾರ್ಬನ್ ಅಲಗನ್ನು ನಿಮಿಷದಲ್ಲಿ ಕಪ್ಪು ಮಾಡುತ್ತವೆ. ಕಪ್ಪು ಪರವಾಗಿಲ್ಲ, ಒರೆಸದೆ ಬಿಟ್ಟರೆ ಕೆಂಪಾಗುತ್ತದೆ.

ಇನ್ನು ಮಾಡಬಾರದ್ದು. ತೆಂಗಿನಕಾಯಿ ಸುಲಿಯುವುದು, ಎಳನೀರು ಕೆತ್ತುವುದು, ರೆಂಬೆ ಕಡಿಯುವುದು ಮಚ್ಚಿನ ಕೆಲಸ. ಮಡಚು ಚಾಕುವಿನ ಬೆನ್ನಿಗೆ ಕಲ್ಲಿನಿಂದ ಕುಟ್ಟಿ ಸೌದೆ ಸೀಳುವವರಿದ್ದಾರೆ. ಆ ಏಟೆಲ್ಲ ಬೀಳುವುದು 3–4 ಮಿ.ಮೀ. ದಪ್ಪದ ಒಂದು ಪಿವಟ್ ಮೇಲೆ. ಇನ್ನೊಂದು ಸಾಮಾನ್ಯ ಅಪರಾಧ ಮೀಟುವುದು. ಡಬ್ಬದ ಮುಚ್ಚಳ ಎಬ್ಬಿಸುವುದು, ಕಾಂಡಕೊರಕ ಇದೆಯೇ ಎಂದು ಅರೇಬಿಕಾ ಗಿಡದ ಕಾಂಡವನ್ನು ಮೊನೆಯಿಂದ ಕೆದಕಿ ಎಬ್ಬಿಸುವುದು, ಇವುಗಳಲ್ಲಿ ಬಲ ಅಡ್ಡಕ್ಕೆ ಬೀಳುತ್ತದೆ, ಗಡಸು ಉಕ್ಕಿನ ಮೊನೆ ‘ಟಿಣ್’ ಎಂದು ಮುರಿಯುತ್ತದೆ. ಕರೆಂಟ್ ವೈರ್ ಸುಲಿಯುವ ಮೊದಲು ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಲೋಹದ ಹಿಡಿಯ ಚಾಕು ಎಂದರೆ ಕೈಯಲ್ಲೇ ತಂತಿ ಹಿಡಿದಂತೆ.

ಮಸೆಯುವುದು

ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕು, ಬಲ ಹೆಚ್ಚಾದಷ್ಟೂ ಜಾರುತ್ತದೆ. ಪೇಪರನ್ನು ಗಾಳಿಯಲ್ಲಿ ಹಿಡಿದು ಅಂಚಿನಿಂದ ಕೊಯ್ದಾಗ ಹರಿಯದೆ ಸಿಕ್ಕಿಹಾಕಿಕೊಂಡರೆ ಮಸೆಯುವ ಹೊತ್ತಾಗಿದೆ.

ಬೀದಿಯಲ್ಲಿ ಬರುವ ಸಾಣೆ ಗಾಡಿಗೆ ಈ ಚಾಕು ಕೊಡಬೇಡಿ. ಒಣ ಚಕ್ರದಲ್ಲಿ ಕಿಡಿ ಹಾರುವಾಗ ಬಾಯಿಯ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ಹುಲ್ಲಿನ ಹಳದಿ ಬಣ್ಣ ಕಂಡರೆ 200 ಡಿಗ್ರಿ ಸೆಲ್ಸಿಯಸ್ ದಾಟಿದೆ, ನೀಲಿ ಕಂಡರೆ 300ರ ಹತ್ತಿರ ಹೋಗಿದೆ ಎಂದರ್ಥ. ಅಲ್ಲಿ ಉಕ್ಕು ಮೆತ್ತಗಾಗಿರುತ್ತದೆ, ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡು. ಈಳಿಗೆ ಮಣೆಗೂ ಮಚ್ಚಿಗೂ ಆ ಗಾಡಿ ನಡೆಯುತ್ತದೆ, ಬಾಯಿ ದಪ್ಪವಿರುವುದರಿಂದ.

ಬೇಕಾಗುವುದು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಂ ಕಲ್ಲು, ಸಾಧ್ಯವಾದರೆ ಜೊತೆಗೆ 1000 ನಂಬರಿನ ನುಣುಪು ಕಲ್ಲು, ಒಂದು ಹಳೆಯ ಚರ್ಮದ ಬೆಲ್ಟು, ಒದ್ದೆ ಬಟ್ಟೆ. ಕಲ್ಲನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಡಿ, ಆಗ ಜಾರುವುದಿಲ್ಲ.

ಕೋನ ಒಂದು ಬದಿಗೆ 20 ಡಿಗ್ರಿ ಸಾಕು. ಕಣ್ಣಂದಾಜಿಗೆ ಬಿಡದೆ ಅಳೆದುಕೊಳ್ಳಿ. ಅಲಗಿನ ಅಗಲ, ಅಂದರೆ ಬಾಯಿಯಿಂದ ಬೆನ್ನಿನವರೆಗೆ, 25 ಮಿ.ಮೀ. ಇದ್ದು ಬೆನ್ನು 3 ಮಿ.ಮೀ. ದಪ್ಪ ಇದ್ದರೆ, ಬೆನ್ನಿನ ಕೆಳಗಿನ ಅಂಚು ಕಲ್ಲಿನಿಂದ 7 ಮಿ.ಮೀ. ಮೇಲಿರಬೇಕು. ಅಗಲ 20 ಮಿ.ಮೀ. ಆದರೆ ಸುಮಾರು 5.5 ಮಿ.ಮೀ. ಅಷ್ಟು ಎತ್ತರದ ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಅದರ ಮೇಲೆ ಬೆನ್ನನ್ನು ಒರಗಿಸಿ ನೋಡಿ. ಕೈಗೆ ಆ ಓರೆ ಪರಿಚಯವಾದ ಮೇಲೆ ನಾಣ್ಯ ತೆಗೆಯಿರಿ. ಬಾಯಿಯ ಓರೆಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಎಳೆದರೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋದರೆ ಬೆನ್ನು ತೀರಾ ಕೆಳಗಿದೆ, ಅಂಚಿನಲ್ಲಿ ಮಾತ್ರ ಹೋದರೆ ತೀರಾ ಮೇಲಿದೆ.

ಒಂದು ಬದಿಯನ್ನು ಒರಟು ಮುಖದ ಮೇಲೆ, ಬುಡದಿಂದ ಮೊನೆಯವರೆಗೆ ಒಂದೇ ಎಳೆತದಲ್ಲಿ, ಅಂಚು ಮುಂದಾಗಿ ಕಲ್ಲನ್ನು ತೆಳ್ಳಗೆ ಹೆರೆಯುವ ಹಾಗೆ ಎಳೆಯಿರಿ. ಮೊನೆಯ ಬಳಿ ಅಲಗು ಬಾಗುವುದರಿಂದ ಹಿಡಿಯನ್ನು ತುಸು ಎತ್ತಬೇಕು, ಇಲ್ಲದಿದ್ದರೆ ಮೊನೆ ಮೊಂಡಾಗಿಯೇ ಉಳಿಯುತ್ತದೆ. ಎಷ್ಟು ಸಲ ಎಂದು ಎಣಿಸಬೇಡಿ. ಎದುರು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದಾಗ ಉದ್ದಕ್ಕೂ ಸಣ್ಣ ಸಿಬಿರು ತಡೆಯಬೇಕು. ಅದು ಎದ್ದಿತೆಂದರೆ ಆ ಬದಿ ಅಂಚಿನವರೆಗೂ ಮಸೆದಾಗಿದೆ. ಸಿಬಿರು ಏಳುವ ಮೊದಲೇ ತಿರುಗಿಸುವುದರಿಂದಲೇ ‘ಗಂಟೆಗಟ್ಟಲೆ ಮಸೆದರೂ ಹರಿತ ಬರುತ್ತಿಲ್ಲ’ ಎಂಬ ದೂರು ಬರುವುದು. ಇನ್ನೊಂದು ಬದಿಯೂ ಹಾಗೇ. ಆಮೇಲೆ ನುಣುಪು ಕಲ್ಲಿನಲ್ಲಿ ಎರಡೂ ಬದಿ, ಒತ್ತಡ ಕಡಿಮೆ ಮಾಡುತ್ತಾ, ಕೊನೆಯ ಹತ್ತು ಎಳೆತ ಚಾಕುವಿನ ಭಾರ ಮಾತ್ರ ಬೀಳುವಂತೆ, ಒಮ್ಮೆ ಈ ಬದಿ ಒಮ್ಮೆ ಆ ಬದಿ.

ಉಳಿದ ಸಿಬಿರನ್ನು ತೆಗೆಯುವುದು ಬೆಲ್ಟಿನ ಕೆಲಸ. ಇಲ್ಲಿ ದಿಕ್ಕು ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಬದಿಗೆ ಹದಿನೈದು ಇಪ್ಪತ್ತು ಸಲ. ಸಿಬಿರು ಬಿಟ್ಟುಬಿಟ್ಟರೆ ಮೊದಲ ದಿನ ಕೂದಲು ಕತ್ತರಿಸುತ್ತದೆ, ಒಂದು ಹಗ್ಗ ಕೊಯ್ದ ಮೇಲೆ ಅದು ಮಡಚಿಕೊಂಡು ಮೊಂಡಾಗುತ್ತದೆ. ಮಸೆದ ಮೇಲೆ ಸಂದಿಯಲ್ಲಿ ಕಲ್ಲಿನ ಪುಡಿ ಉಳಿಯದಂತೆ ತೊಳೆಯಬೇಕು. ಅದು ಉಳಿದರೆ ವಾಷರ್ ಸವೆಸುತ್ತದೆ.

ಮಳೆಗಾಲ, ಚಳಿಗಾಲ, ಆಯುಧಪೂಜೆ

ವಾರಕ್ಕೊಮ್ಮೆ, ಮಲೆನಾಡಿನ ಮಳೆಯಲ್ಲಾದರೆ ದಿನವೂ: ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಸಂದಿಗೆ ಬಾಯಿಂದಲೋ ಸೈಕಲ್ ಪಂಪಿನಿಂದಲೋ ಊದಿ, ಒಣಬಟ್ಟೆಯಲ್ಲಿ ಒರೆಸಿ, ಬಿಚ್ಚಿದ ಸ್ಥಿತಿಯಲ್ಲೇ ಒಲೆಯ ಹತ್ತಿರ ಅರ್ಧ ಗಂಟೆ ಇಡಿ. ಪಿವಟ್‌ಗೆ ಒಂದು ಹನಿ ಎಣ್ಣೆ, ಇಪ್ಪತ್ತು ಸಲ ಬಿಚ್ಚಿ ಮಡಚಿ, ಹೊರಬಂದದ್ದನ್ನು ಒರೆಸಿ. ಎರಡನೇ ಹನಿ ಬೇಡ, ಹೆಚ್ಚಾದ ಎಣ್ಣೆ ಧೂಳನ್ನು ಕರೆಯುತ್ತದೆ.

ಯಾವ ಎಣ್ಣೆ? ಹೊಲಿಗೆ ಮಿಷನ್ ಎಣ್ಣೆ ಸಾಕು. ಹಣ್ಣು ತರಕಾರಿ ಕೊಯ್ಯುವ ಅಲಗಿಗೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ಪಿವಟ್‌ಗೆ ಕೊಬ್ಬರಿ ಎಣ್ಣೆ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ತಲೆಗೆ ಹಚ್ಚುವ ಬಾಟಲಿಯನ್ನೇ ಬಿಸಿಲಿಗಿಡಬೇಕು, ಇನ್ನು ಚಾಕುವಿನ ಒಳಗಿದ್ದದ್ದು ಏನಾದೀತು? ಮೇಲಾಗಿ ಕಾಲ ಕಳೆದಂತೆ ಅಂಟಾಗುತ್ತದೆ.

ಚರ್ಮದ ಪೌಚು ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಅದರೊಳಗೆ ಚಾಕು ಇಟ್ಟು ಬೀರುವಿಗೆ ಹಾಕಿದರೆ ಪೌಚಿಗೆ ಬೂಷ್ಟು, ಅಲಗಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು, ಮೂರೂ ಒಟ್ಟಿಗೆ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ರಾಸಾಯನಿಕವೂ ಲೋಹಕ್ಕೆ ಆಗಿಬರುವುದಿಲ್ಲ. ಪೌಚು ಬೇರೆ, ಚಾಕು ಬೇರೆ ಇಡಿ. ಚಾಕುವನ್ನು ಗಾಳಿಯಾಡದ ಡಬ್ಬದಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಎದ್ದ ತುಕ್ಕಿಗೆ ಎಣ್ಣೆ ಹಚ್ಚಿದ ಬೂದಿ ಅಥವಾ ಲೋಹದ ಪಾಲಿಶ್ ಸಾಕು. ಗುಳಿ ಬಿದ್ದಿದ್ದರೆ ಅಷ್ಟು ಭಾಗ ಹಾಗೇ ಉಳಿಯುತ್ತದೆ, ಬಾಯಿಗೆ ಬಂದಿಲ್ಲದಿದ್ದರೆ ಚಿಂತೆ ಬೇಡ.

ಆಯುಧಪೂಜೆಯ ದಿನ ಚಾಕುವಿಗೂ ಅರಿಶಿನ ಕುಂಕುಮ, ಕೆಲವು ಮನೆಗಳಲ್ಲಿ ಕೊಯ್ದ ನಿಂಬೆಹಣ್ಣು. ಪೂಜೆ ಆಗಲಿ. ಆದರೆ ಒದ್ದೆ ಕುಂಕುಮ ಮತ್ತು ನಿಂಬೆ ರಸ ವಿಜಯದಶಮಿ ಮುಗಿದು ವಾರವಾದರೂ ಅಲಗಿನ ಮೇಲೇ ಇದ್ದರೆ, ಬೊಟ್ಟಿನ ಆಕಾರದಲ್ಲೇ ಗುಂಡಗೆ ತುಕ್ಕು ಕೂರುತ್ತದೆ. ಬೊಟ್ಟನ್ನು ಹಿಡಿಗೆ ಇಡಿ, ಅಥವಾ ಮಾರನೆಯ ದಿನ ತೊಳೆದು ಎಣ್ಣೆ ಸವರಿ.

ಪಿವಟ್ ಸ್ಕ್ರೂ ಸಾಮಾನ್ಯವಾಗಿ ಆರು ಮೂಲೆಯ ನಕ್ಷತ್ರದಾಕಾರದ್ದು, ಟಿ6 ಅಥವಾ ಟಿ8 ಬಿಟ್ ಬೇಕು. ಸುಮಾರಾದ ಬಿಟ್ ಹಾಕಿ ತಿರುಗಿಸಿದರೆ ತಲೆ ಸವೆದು ಆಮೇಲೆ ಯಾವುದಕ್ಕೂ ಸಿಗುವುದಿಲ್ಲ. ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಜಗ್ಗದಿದ್ದರೆ ಒಳಗೆ ಅಂಟು ಹಾಕಿರುತ್ತಾರೆ. ಸ್ಕ್ರೂ ತಲೆಗೆ ಕಾದ ಸೋಲ್ಡರಿಂಗ್ ಕಬ್ಬಿಣ ಅರ್ಧ ನಿಮಿಷ ತಾಗಿಸಿದರೆ ಸಡಿಲವಾಗುತ್ತದೆ.

ಜೇಬು, ಕಾನೂನು, ಕಾಡು

2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಚಾಕು ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಮನೆ, ಬೇಸಾಯ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವಕ್ಕೆ ಅಲ್ಲೂ ವಿನಾಯಿತಿ ಇದೆ. ನಾವು ಹೇಳುತ್ತಿರುವ 10 ಸೆಂ.ಮೀ. ಅಲಗು ನಾಲ್ಕು ಇಂಚಿನ ಒಳಗೇ. ಹಾಗೆಂದು ಎಲ್ಲಿಗಾದರೂ ಒಯ್ಯಬಹುದು ಎಂದಲ್ಲ. ಚುನಾವಣೆ, ಮೆರವಣಿಗೆ, ಗಲಾಟೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಹೊರಡಿಸಿದರೆ ಹರಿತವಾದ ಆಯುಧ ಹಿಡಿದು ಓಡಾಡುವುದಕ್ಕೂ ತಡೆ ಬರುತ್ತದೆ. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದದ್ದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಅಂಥ ದಿನ ಚಾಕು ಮನೆಯಲ್ಲಿರಲಿ. ಕೋರ್ಟು, ವಿಮಾನದ ಕ್ಯಾಬಿನ್ ಬ್ಯಾಗು, ಬೆಂಗಳೂರಿನ ಮೆಟ್ರೊ, ಈ ಕಡೆಗೂ ಬೇಡ. ಬಟನ್ ಒತ್ತಿದರೆ ಹಾರಿ ಬಿಚ್ಚುವ ಚಾಕು ಕೊಳ್ಳಲೇಬೇಡಿ. ದೆಹಲಿಯಂಥ ಕಡೆ ಅದಕ್ಕೆ ಪ್ರತ್ಯೇಕ ನಿರ್ಬಂಧವಿದೆ, ತೋಟದ ಕೆಲಸಕ್ಕೆ ಅದರಿಂದ ಲಾಭವೂ ಇಲ್ಲ.

ಚಾರಣಿಗರು ತಪ್ಪುವುದು ಬೇರೆ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಆಯುಧ’ ಎಂಬ ಪದದ ವಿವರಣೆಯಲ್ಲೇ ಚಾಕುವನ್ನು ಸೇರಿಸಿದೆ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ ಎಂದು 31ನೇ ಸೆಕ್ಷನ್ ಹೇಳುತ್ತದೆ. ಭದ್ರಾ ಅಭಯಾರಣ್ಯಕ್ಕೋ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೋ ಹೋಗುವಾಗ ‘ಕಾಡಲ್ಲವಾ, ಇರಲಿ’ ಎಂದು ಜೇಬಿಗೆ ಹಾಕಿಕೊಳ್ಳುವ ಜಾಗವೇ ಹಾಕಿಕೊಳ್ಳಬಾರದ ಜಾಗ.

ಪಂಚೆಯ ಸೊಂಟಕ್ಕೆ ಸಿಕ್ಕಿಸುವುದು ನಮ್ಮ ಕಡೆಯ ರೂಢಿ. ಮಡಚಿದ ಚಾಕು ಜಾರಿ ಗದ್ದೆಯಲ್ಲಿ ಕಳೆದುಹೋಗುವುದೂ ಅದರಿಂದಲೇ. ಹಿಡಿಗೆ ದಾರ ಕಟ್ಟಿ ಉಡಿದಾರಕ್ಕೋ ಬೆಲ್ಟಿಗೋ ಗಂಟು ಹಾಕಿ. ಇನ್ನೊಬ್ಬರಿಗೆ ಕೊಡುವಾಗ ಕೈಗೆ ಕೊಟ್ಟರೆ ಜಗಳವಾಗುತ್ತದೆ, ನೆಲದ ಮೇಲಿಡು ಎಂದು ಹಿರಿಯರು ಹೇಳುತ್ತಾರಲ್ಲ, ಜಗಳದ ಮಾತು ಏನೇ ಇರಲಿ, ಮಡಚಿ ಕೆಳಗಿಟ್ಟರೆ ಯಾರ ಕೈಯೂ ಕೊಯ್ಯುವುದಿಲ್ಲ.

ಕೈ ಕೊಯ್ದರೆ

ನೀರಿನಲ್ಲಿ ತೊಳೆದು, ಸ್ವಚ್ಛ ಬಟ್ಟೆ ಒತ್ತಿ, ಕೈ ಎದೆಗಿಂತ ಮೇಲೆತ್ತಿ ಹತ್ತು ನಿಮಿಷ ಬಿಡದೆ ಹಿಡಿಯಿರಿ. ನಿಂತಿತಾ ಎಂದು ನಡುನಡುವೆ ತೆಗೆದು ನೋಡಿದರೆ ನಿಲ್ಲುವುದಿಲ್ಲ. ಗಾಯಕ್ಕೆ ಕಾಫಿ ಪುಡಿ ತುಂಬುವ ಅಭ್ಯಾಸ ಇನ್ನೂ ಇದೆ. ಬೇಡ. ಹೊಲಿಗೆ ಹಾಕುವ ಮೊದಲು ಡಾಕ್ಟರು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಕೊಯ್ದುಕೊಂಡದ್ದಕ್ಕಿಂತ ಹೆಚ್ಚು. ಬೆರಳ ತುದಿ ಮರಗಟ್ಟಿದ್ದರೆ, ಬೆರಳು ಮಡಚಲೋ ನೀಡಲೋ ಆಗದಿದ್ದರೆ ನರವೋ ಸ್ನಾಯುರಜ್ಜುವೋ ತುಂಡಾಗಿರಬಹುದು. ರಕ್ತ ನಿಂತಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮಣ್ಣು, ಗೊಬ್ಬರ ಮೆತ್ತಿದ ಚಾಕುವಿನ ಗಾಯವಾಗಿದ್ದು, ಹಿಂದಿನ ಧನುರ್ವಾಯು ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಅದನ್ನೂ ಹಾಕಿಸಿಕೊಂಡೇ ಬನ್ನಿ. ಮನೆಗೆ ಬಂದ ಮೇಲೆ ಚಾಕು ತೊಳೆಯುವುದನ್ನು ಬೇರೆಯವರಿಗೆ ಹೇಳಿ, ರಕ್ತದ ಉಪ್ಪು ಒಂದೇ ರಾತ್ರಿಯಲ್ಲಿ ಅಲಗಿಗೆ ಚುಕ್ಕೆ ಹಾಕುತ್ತದೆ.